ಅಸೆಂಬಲ್ಡ್ ಕಂಪ್ಯೂಟರ್: ಯಾವ ಭಾಗಕ್ಕೆ ಹಣ ಹಾಕಬೇಕು, ಎಲ್ಲಿ ಉಳಿಸಬಹುದು?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರು ಕಂಪ್ಯೂಟರ್ ತೆಗೆಯಲಿಕ್ಕೆ ಹೋಗುವುದು ಒಂದೋ ಕಾಸರಗೋಡಿಗೆ, ಇಲ್ಲದಿದ್ದರೆ ಮಂಗಳೂರಿಗೆ. ಅಂಗಡಿಗೆ ಹೊಕ್ಕ ಕೂಡಲೇ ಕೌಂಟರಿನವರು ಕೇಳುವ ಮೊದಲ ಪ್ರಶ್ನೆ, "ಬಜೆಟ್ ಎಷ್ಟು?" ಹುಡುಗರು ಕೊಡುವ ಉತ್ತರ, "ಐ7 ಬೇಕು." ಅರ್ಧ ತಪ್ಪು ಈ ಎರಡು ಮಾತಿನಲ್ಲೇ ಆಗಿ ಹೋಗುತ್ತದೆ. ಎಂತ ಕೆಲಸಕ್ಕೆ ಬೇಕು ಎಂದು ಅಂಗಡಿಯವರು ಕೇಳಲಿಲ್ಲ, ತೆಗೆಯುವವರು ಹೇಳಲೂ ಇಲ್ಲ. ಉಪ್ಪ ಗಲ್ಫಿನಿಂದ ಕಳಿಸಿದ ಹಣವೋ, ಸ್ವಂತ ಸಂಬಳದಿಂದ ಉಳಿಸಿದ್ದೋ, ಒಂದು ಮನೆಯಲ್ಲಿ ಕಂಪ್ಯೂಟರಿಗೆಂದು ಹಣ ಹೊರಡುವುದು ಐದಾರು ವರ್ಷಕ್ಕೊಮ್ಮೆ. ಅದು ಸರಿಯಾದ ಕಡೆಗೆ ಹೋಗಬೇಕು.

ಬ್ರಾಂಡೆಡ್ ಬಿಟ್ಟು ಭಾಗ ಭಾಗ ಆರಿಸಿ ಕಟ್ಟಿಸುವುದರ ದೊಡ್ಡ ಲಾಭ ಬೆಲೆ ಮಾತ್ರ ಅಲ್ಲ. ಈಗ ಇಷ್ಟು, ಆರು ತಿಂಗಳು ಕಳೆದು ಇನ್ನಷ್ಟು ಎಂದು ಹಂತ ಹಂತವಾಗಿ ಹಾಕಿಕೊಳ್ಳಬಹುದು. ಬಡ್ಡಿಗೆ ಹೋಗುವುದು ಬೇಡ ಎನ್ನುವವರಿಗೆ ಇದು ಸಣ್ಣ ವಿಷಯ ಅಲ್ಲ. ಕ್ರೆಡಿಟ್ ಕಾರ್ಡಿನ "ನೋ ಕಾಸ್ಟ್ ಇಎಂಐ" ಎಂಬುದರಲ್ಲೂ ಹೆಚ್ಚಾಗಿ ಪ್ರೊಸೆಸಿಂಗ್ ಶುಲ್ಕ, ಒಳಗೆ ಲೆಕ್ಕ ಹಾಕಿದ ಬಡ್ಡಿ, ಆ ಬಡ್ಡಿಯ ಮೇಲೆ ಜಿಎಸ್‌ಟಿ ಎಲ್ಲ ಇರುತ್ತದೆ.

ಐ7 ಎಂಬ ಸ್ಟಿಕ್ಕರ್

"ಐ7, 16 ಜಿಬಿ ರ್‍ಯಾಮ್, 1 ಟಿಬಿ, ಮಾನಿಟರ್ ಸಮೇತ" ಎಂದು ತೀರಾ ಕಡಿಮೆ ಬೆಲೆಯ ಜಾಹೀರಾತು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಬರುತ್ತಾ ಇರುತ್ತದೆ. ಅದು ಸುಳ್ಳು ಅಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ. ಐ7 ಎಂಬುದು ವರ್ಗದ ಹೆಸರು, ಅದರ ನಂತರ ಬರುವ ಸಂಖ್ಯೆಯೇ ಅಸಲಿ ಗುರುತು. ಐ7-2600 ಬಂದದ್ದು 2011ರಲ್ಲಿ, 3770 ಬಂದದ್ದು 2012ರಲ್ಲಿ, 4770 ಬಂದದ್ದು 2013ರಲ್ಲಿ. ಇವು ನಾಲ್ಕು ಕೋರಿನ ಪ್ರೊಸೆಸರುಗಳು. 2022ರಲ್ಲಿ ಬಂದ ಐ3-12100ಕ್ಕೂ ಕೋರ್ ನಾಲ್ಕೇ. ಆದರೆ ಕೆಲಸಕ್ಕೆ ಹಚ್ಚಿದರೆ ಈ ಐ3 ಆ ಹಳೆಯ ಐ7ಗಳನ್ನು ಆರಾಮದಲ್ಲಿ ಹಿಂದೆ ಹಾಕುತ್ತದೆ.

ಇಂತಹ ಸೆಟ್ಟುಗಳಲ್ಲಿ ಮದರ್‌ಬೋರ್ಡ್ ಮಾತ್ರ ಹೊಚ್ಚ ಹೊಸದು, ಡಬ್ಬಿ ಸಮೇತ ಬರುತ್ತದೆ. ಅದರ ಮೇಲಿನ ಚಿಪ್‌ಸೆಟ್ ಎಚ್61 ಅಥವಾ ಎಚ್81, ಅಂದರೆ ಹತ್ತು ವರ್ಷಕ್ಕೂ ಹಳೆಯದು. ವಿಂಡೋಸ್ 11 ಈ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ಅದಕ್ಕೆ ಇಂಟೆಲ್‌ನ 8ನೇ ತಲೆಮಾರು ಅಥವಾ ಎಎಂಡಿ ರೈಜೆನ್ 2000 ಸರಣಿ ಮತ್ತು ನಂತರದ್ದು ಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮಾತು "ಐ7 ಉಂಟಾ?" ಅಲ್ಲ, "ಪೂರ್ತಿ ನಂಬರ್ ಯಾವುದು?" ಸೆಟ್ ಚಾಲೂ ಇದ್ದರೆ ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಪ್ರೊಸೆಸರ್, ಬೋರ್ಡ್, ರ್‍ಯಾಮ್ ಎಲ್ಲದರ ಜಾತಕ ಒಂದೇ ಪರದೆಯಲ್ಲಿ ಸಿಗುತ್ತದೆ.

ಕೆಲಸ ನೋಡಿ ಲೆಕ್ಕ

ಅಂಗಡಿಯ ಬಿಲ್ಲಿಂಗ್, ಟ್ಯಾಲಿ, ಜಿಎಸ್‌ಟಿ ರಿಟರ್ನ್, ಮಕ್ಕಳ ಪಾಠ ಇಷ್ಟಕ್ಕೇ ಆದರೆ ಐ3-12100 ಮಟ್ಟದ ಪ್ರೊಸೆಸರ್, 8 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ ಸಾಕು. 16 ಜಿಬಿ ಆದರೆ ಹಾಯಾಗಿರುತ್ತದೆ. ಇದಕ್ಕಿಂತ ಮೇಲೆ ಹಾಕುವ ಹಣ ಟ್ಯಾಲಿಗೆ ಗೊತ್ತೇ ಆಗುವುದಿಲ್ಲ. ಅದನ್ನು ಒಳ್ಳೆಯ ಯುಪಿಎಸ್‌ಗೆ ಹಾಕಿದರೆ ಲೆಕ್ಕ ಉಳಿಯುತ್ತದೆ.

ಅಟೋಕ್ಯಾಡ್ ಡ್ರಾಯಿಂಗ್ ಮಾಡುವವರ ವಿಷಯ ಬೇರೆ. ಗಲ್ಫಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ಊರಿಗೆ ಬಂದವರು, ಇಲ್ಲೇ ಕೂತು ಅಲ್ಲಿನ ಕಂಪೆನಿಗೆ ಡ್ರಾಯಿಂಗ್ ಮಾಡಿ ಕೊಡುವ ಹುಡುಗರು ಹೆಚ್ಚಾಗಿ ಒಂದು ತಪ್ಪು ತಿಳಿವಳಿಕೆಯಲ್ಲಿ ಇರುತ್ತಾರೆ: ಹೆಚ್ಚು ಕೋರ್ ಇದ್ದಷ್ಟು ಒಳ್ಳೆಯದು ಎಂದು. ಅಟೋಕ್ಯಾಡ್, ರೆವಿಟ್ ಎರಡೂ ಬಹುಪಾಲು ಕೆಲಸವನ್ನು ಒಂದೇ ಕೋರಿನಲ್ಲಿ ಮಾಡುತ್ತವೆ. ಆದ್ದರಿಂದ ಕೋರಿನ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ ಮುಖ್ಯ. ಆರು ಕೋರಿನ ಹೊಸ ತಲೆಮಾರಿನ ಐ5 ಅಥವಾ ರೈಜೆನ್ 5 ತೆಗೆದು, ಉಳಿದದ್ದನ್ನು ರ್‍ಯಾಮಿಗೆ ಹಾಕುವುದು ಬುದ್ಧಿವಂತಿಕೆ. ರೆವಿಟ್‌ನಲ್ಲಿ ದೊಡ್ಡ ಕಟ್ಟಡದ ಮಾಡೆಲ್ ತೆರೆಯುವವರಿಗೆ 32 ಜಿಬಿ ಹೆಚ್ಚಾಗುವುದಿಲ್ಲ. 2ಡಿ ಪ್ಲ್ಯಾನ್ ಮಾತ್ರ ಮಾಡುವವರಿಗೆ 16 ಸಾಕು, ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ. ರೆಂಡರಿಂಗ್ ಮಾಡುವವರಿಗೆ ಮಾತ್ರ ಹೆಚ್ಚು ಕೋರು, ಕಾರ್ಡು ಎರಡೂ ನಿಜವಾಗಿ ಉಪಯೋಗಕ್ಕೆ ಬರುತ್ತವೆ.

ಮದುವೆ ಕಾಗದ, ಫ್ಲೆಕ್ಸ್, ಕಾರ್ಯಕ್ರಮದ ಪೋಸ್ಟರ್ ಮಾಡುವ ಡಿಟಿಪಿಯವರಿಗೆ ಫೋಟೋಶಾಪ್, ಕೋರೆಲ್ ಡ್ರಾ ಒಟ್ಟಿಗೆ ತೆರೆದಿರಬೇಕಾಗುತ್ತದೆ. ದೊಡ್ಡ ಫ್ಲೆಕ್ಸ್ ಫೈಲ್ ತೆರೆದಾಗ ಕಂಪ್ಯೂಟರ್ ನಿಂತುಬಿಡುವುದು ಸಾಮಾನ್ಯವಾಗಿ ಪ್ರೊಸೆಸರಿನ ದೋಷದಿಂದ ಅಲ್ಲ, ರ್‍ಯಾಮ್ ಸಾಲದೆ. ಇಂಥವರು ಮಾನಿಟರಿಗೂ ಸ್ವಲ್ಪ ಹಣ ಇಡಬೇಕು. ಐಪಿಎಸ್ ಪ್ಯಾನೆಲ್ ಇಲ್ಲದ ಅಗ್ಗದ ಮಾನಿಟರಿನಲ್ಲಿ ನೋಡುವ ಕೋನ ಬದಲಾದರೆ ಬಣ್ಣ ಬದಲಾಗುತ್ತದೆ, ಪ್ರಿಂಟ್ ಆಗಿ ಬಂದಾಗ ಗಿರಾಕಿ ಜೊತೆ ಜಗಳ.

ವೀಡಿಯೊ ಎಡಿಟಿಂಗ್ ಮಾಡುವವರು ಇಂಟೆಲ್ ತೆಗೆಯುವುದಾದರೆ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ತೆಗೆಯಬೇಕು. ಅದರಲ್ಲಿನ ಕ್ವಿಕ್ ಸಿಂಕ್ ಎಂಬ ಭಾಗ ಮೊಬೈಲಿನಲ್ಲಿ, ಕ್ಯಾಮೆರಾದಲ್ಲಿ ತೆಗೆದ ವೀಡಿಯೊಗಳನ್ನು ಬಿಚ್ಚುವ, ಕಟ್ಟುವ ಕೆಲಸವನ್ನು ಬಹಳ ಹಗುರ ಮಾಡುತ್ತದೆ.

ಇನ್ನು ಗೇಮಿಂಗ್. ಮನೆಯವರ ಮುಂದೆ ಎಲ್ಲರೂ "ಎಡಿಟಿಂಗಿಗೆ" ಎಂದೇ ಹೇಳುತ್ತಾರೆ. ಆಡುವುದಾದರೆ ಅಂಗಡಿಯಲ್ಲಿಯಾದರೂ ಸತ್ಯ ಹೇಳಿದರೆ ಒಳ್ಳೆಯದು, ಯಾಕೆಂದರೆ ಅಲ್ಲಿ ಹಣದ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು, ಉಳಿದ ಲೆಕ್ಕ ಪೂರಾ ಬದಲಾಗುತ್ತದೆ.

ಪ್ರೊಸೆಸರ್ ಮತ್ತು ಬೋರ್ಡ್: ಜೋಡಿ ತಪ್ಪಬಾರದು

ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಇಂಟೆಲ್‌ನ 12, 13, 14ನೇ ತಲೆಮಾರಿಗೆ ಎಲ್‌ಜಿಎ 1700, ನಂತರದ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851. ಎಎಂಡಿಯಲ್ಲಿ ರೈಜೆನ್ 5000ದವರೆಗೆ ಎಎಂ4, 7000, 8000, 9000 ಸರಣಿಗೆ ಎಎಂ5. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ರ್‍ಯಾಮ್ ಕೂಡ ಬೋರ್ಡಿನ ಮೇಲೆ ನಿಂತಿದೆ. ಎಎಂ4ಗೆ ಡಿಡಿಆರ್4 ಮಾತ್ರ, ಎಎಂ5ಗೆ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಎರಡೂ ರೀತಿಯ ಬೋರ್ಡ್ ಸಿಗುತ್ತದೆ, ಆದರೆ ಒಂದೇ ಬೋರ್ಡಿನಲ್ಲಿ ಸಾಮಾನ್ಯವಾಗಿ ಒಂದೇ ಬಗೆ. ಹಳೆಯ ಕಂಪ್ಯೂಟರಿನ ಡಿಡಿಆರ್4 ರ್‍ಯಾಮ್ ಮನೆಯಲ್ಲಿ ಇದ್ದವರು ಬೋರ್ಡ್ ಆರಿಸುವಾಗ ಇದನ್ನು ನೆನಪಿಡಬೇಕು. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಹಾರಿದ ಮೇಲಂತೂ ಹಳೆಯ ಒಂದು ಸ್ಟಿಕ್ಕಿಗೂ ಬೆಲೆ ಬಂದಿದೆ.

ಮುಂದೆ ಅಪ್‌ಗ್ರೇಡ್ ಮಾಡುವ ಯೋಚನೆ ಇದ್ದರೆ ಎಎಂ5 ಒಳ್ಳೆಯ ಆಯ್ಕೆ. ಈ ಸಾಕೆಟನ್ನು 2027 ಮತ್ತು ಅದರಾಚೆಗೂ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಎಲ್‌ಜಿಎ 1700ರ ದಾರಿ 14ನೇ ತಲೆಮಾರಿಗೆ ಮುಗಿಯಿತು. ಹಾಗೆಂದು ಅದು ಕೆಟ್ಟದು ಅಲ್ಲ. ಐದು ವರ್ಷ ಮುಟ್ಟದೆ ಬಳಸುವ ಅಂಗಡಿಯವರಿಗೆ, ಮನೆಯವರಿಗೆ ಅದು ಈಗಲೂ ಲಾಭದ ಸೌದಾ.

ಹೆಸರಿನ ಕೊನೆಯ ಅಕ್ಷರ ನೋಡದೆ ಬಿಲ್ ಮಾಡಿಸಬಾರದು. ಇಂಟೆಲ್‌ನಲ್ಲಿ ಕೊನೆಗೆ "ಎಫ್" ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಐ5-12400ಕ್ಕೆ ಮಾನಿಟರ್ ನೇರವಾಗಿ ಸಿಕ್ಕಿಸಬಹುದು, 12400ಎಫ್‌ಗೆ ಪ್ರತ್ಯೇಕ ಕಾರ್ಡ್ ಇಲ್ಲದೆ ಪರದೆಯಲ್ಲಿ ಎಂತದ್ದೂ ಬರುವುದಿಲ್ಲ. ಎಎಂಡಿಯಲ್ಲಿ ರೈಜೆನ್ 5 5600ಕ್ಕೆ ಗ್ರಾಫಿಕ್ಸ್ ಇಲ್ಲ, 5600ಜಿಗೆ ಉಂಟು. "ಎಫ್" ಸ್ವಲ್ಪ ಅಗ್ಗ ಎಂದು ತಂದು, ಅದಕ್ಕೋಸ್ಕರ ಜಿಟಿ 710ರಂಥ ಹಳೆಯ ಕಾರ್ಡ್ ಹಾಕಿಸಿಕೊಂಡರೆ ಉಳಿಸಿದ್ದಕ್ಕಿಂತ ಹೆಚ್ಚು ಕಳೆದ ಹಾಗೆ.

ಬೋರ್ಡಿನ ಮೇಲೆ ತೀರಾ ಹೆಚ್ಚು ಖರ್ಚು ಬೇಡ. ಎಚ್610 ಬೋರ್ಡಿನಲ್ಲಿ ರ್‍ಯಾಮ್ ಜಾಗ ಎರಡೇ, ಸಾಮಾನ್ಯ ಕೆಲಸಕ್ಕೆ ಅಷ್ಟು ಸಾಕು. ಬಿ760 ತೆಗೆದರೆ ಹೆಚ್ಚು ಪೋರ್ಟು, ಕೆಲವದರಲ್ಲಿ ನಾಲ್ಕು ರ್‍ಯಾಮ್ ಜಾಗ ಸಿಗುತ್ತದೆ. ಅನೇಕ ಅಗ್ಗದ ಬೋರ್ಡುಗಳಲ್ಲಿ ವೈಫೈ ಇರುವುದಿಲ್ಲ ಎಂಬುದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. 13, 14ನೇ ತಲೆಮಾರಿನ ದೊಡ್ಡ ಐ7, ಐ9 ತೆಗೆಯುವವರು ಬೋರ್ಡಿನ ಬಯೋಸ್ ಹೊಸದಕ್ಕೆ ಅಪ್‌ಡೇಟ್ ಮಾಡಿಸಿಯೇ ತರಬೇಕು. ಹೆಚ್ಚು ವೋಲ್ಟೇಜ್ ಹೋಗಿ ಇವು ಹಾಳಾಗುವ ತೊಂದರೆಗೆ ಇಂಟೆಲ್ 2024ರಲ್ಲಿ ಪರಿಹಾರ ಕೊಟ್ಟದ್ದು ಬಯೋಸ್ ಮೂಲಕವೇ.

ರ್‍ಯಾಮ್ ಒಂದೇ 16ರ ಸ್ಟಿಕ್ ಬದಲು ಎರಡು 8 ಹಾಕಿದರೆ ಎರಡು ದಾರಿಯಲ್ಲಿ ಡೇಟಾ ಓಡುತ್ತದೆ. ಪ್ರತ್ಯೇಕ ಕಾರ್ಡ್ ಇಲ್ಲದೆ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸನ್ನೇ ನಂಬಿದವರಿಗೆ ಇದರಿಂದ ಕಣ್ಣಿಗೆ ಕಾಣುವ ವ್ಯತ್ಯಾಸ ಸಿಗುತ್ತದೆ. ಹಂತ ಹಂತವಾಗಿ ಕಟ್ಟುವವರು ಈಗ ಒಂದು ಹಾಕಿ, ಮುಂದೆ ಅದೇ ವೇಗದ ಇನ್ನೊಂದು ಹಾಕಬಹುದು.

ಎಸ್‌ಎಸ್‌ಡಿ ವಿಷಯದಲ್ಲಿ ಚರ್ಚೆ ಕಡಿಮೆ. ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ ಹಾಕುವ ಕಾಲ ಹೋಯಿತು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, 3ನೇ ತಲೆಮಾರಿನ ಎನ್‌ವಿಎಂಇ ಸುಮಾರು 3,500 ಎಂಬಿವರೆಗೆ. ಬಿಲ್ಲಿಂಗ್ ಮಾಡುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು, ಹಾರ್ಡ್ ಡಿಸ್ಕಿನಿಂದ ಯಾವುದಕ್ಕೆ ಬಂದರೂ ಸ್ವರ್ಗ. ಹಾರ್ಡ್ ಡಿಸ್ಕನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದು, ಇಡಲೇಬೇಕು. ಎಸ್‌ಎಸ್‌ಡಿ ಹೋಗುವಾಗ ಹೆಚ್ಚಾಗಿ ಸೂಚನೆ ಕೊಡದೆ ಹೋಗುತ್ತದೆ.

ಯಾರೂ ಕೇಳದ ಭಾಗ

ಕೊಟೇಶನ್ ಕೇಳಿದಾಗ ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ ಹೆಸರು ಸಮೇತ ಬರೆದು ಕೊಡುತ್ತಾರೆ. ಕೊನೆಗೆ "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್" ಎಂದು ಒಂದು ಸಾಲು. ಆ ಸಾಲಿನಲ್ಲೇ ಅಪಾಯ ಇರುವುದು. ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟಿಗೆ ಇಳಿಸಿ ಕೊಡುವ ಡಬ್ಬಿ ಎಸ್‌ಎಂಪಿಎಸ್. ಅದು ಕೆಟ್ಟರೆ ಒಬ್ಬನೇ ಹೋಗುವುದಿಲ್ಲ, ಬೋರ್ಡ್, ಎಸ್‌ಎಸ್‌ಡಿ, ಕೆಲವೊಮ್ಮೆ ಗ್ರಾಫಿಕ್ಸ್ ಕಾರ್ಡ್ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ.

ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ಅಥವಾ 500 ಎಂದು ಬರೆದಿರುತ್ತದೆ. ಅದು ವ್ಯಾಟ್ ಎಂದು ಜನ ನಂಬುತ್ತಾರೆ. ನಂಬುವ ಮೊದಲು ಬದಿಯ ಲೇಬಲ್ ಓದಬೇಕು. ಅದರಲ್ಲಿ 12 ವೋಲ್ಟ್ ಎಂಬ ಕಲಮಿನ ಕೆಳಗೆ ಎಷ್ಟು ಆಂಪಿಯರ್ ಎಂದು ಇರುತ್ತದೆ. ಆ ಸಂಖ್ಯೆಯನ್ನು 12ರಿಂದ ಗುಣಿಸಿದರೆ ಮುಖ್ಯ ಭಾಗಗಳಿಗೆ ನಿಜವಾಗಿ ಸಿಗುವ ವ್ಯಾಟ್ ಗೊತ್ತಾಗುತ್ತದೆ. 16 ಆಂಪಿಯರ್ ಇದ್ದರೆ 192 ವ್ಯಾಟ್, ಹೊರಗೆ 500 ಎಂದು ಬರೆದಿದ್ದರೂ. 36 ಆಂಪಿಯರ್ ಇದ್ದರೆ 432 ವ್ಯಾಟ್, ಅದು ಮರ್ಯಾದೆಯ 450 ಎಸ್‌ಎಂಪಿಎಸ್.

ಈಗ ಬೇಡಿಕೆ ಕಡೆಯ ಲೆಕ್ಕ. ಐ5-12400 ಪೂರ್ತಿ ಓಡುವಾಗ 117 ವ್ಯಾಟ್‌ವರೆಗೆ ತೆಗೆಯುತ್ತದೆ. 8 ಜಿಬಿಯ ಆರ್‌ಟಿಎಕ್ಸ್ 3050 ಕಾರ್ಡಿಗೆ 130. ಬೋರ್ಡ್, ರ್‍ಯಾಮ್, ಫ್ಯಾನ್, ಡಿಸ್ಕ್ ಎಲ್ಲ ಸೇರಿ ಒಂದು 50 ಹಿಡಿದರೂ 300ರ ಹತ್ತಿರ ಬಂತು. 192 ಕೊಡುವ ಡಬ್ಬಿಯಲ್ಲಿ ಇದು ಗೇಮ್ ತೆರೆದ ಹತ್ತು ನಿಮಿಷಕ್ಕೆ ಆಫ್ ಆದರೆ ಅದು ಅದೃಷ್ಟ, ಆಫ್ ಆಗದೆ ಬಿಸಿಯಾಗುತ್ತಾ ಹೋದರೆ ದುರದೃಷ್ಟ. ಕಾರ್ಡ್ ಇಲ್ಲದ ಆಫೀಸ್ ಸೆಟ್ಟಿಗೂ ಹೆಸರುಳ್ಳ ಕಂಪೆನಿಯ, 80 ಪ್ಲಸ್ ಗುರುತಿನ ಎಸ್‌ಎಂಪಿಎಸ್ ಹಾಕಿಸುವುದು ಉತ್ತಮ. 80 ಪ್ಲಸ್ ಎಂದರೆ ಗೋಡೆಯಿಂದ ತೆಗೆದ ಕರೆಂಟಿನಲ್ಲಿ ಶೇ. 80ಕ್ಕಿಂತ ಹೆಚ್ಚನ್ನು ಒಳಗೆ ತಲುಪಿಸುತ್ತದೆ, ಉಳಿದದ್ದು ಮಾತ್ರ ಬಿಸಿಯಾಗಿ ಹೋಗುತ್ತದೆ ಎಂಬ ಪ್ರಮಾಣ. ಸುರಕ್ಷತೆಗೆ ಅದು ಗ್ಯಾರಂಟಿ ಅಲ್ಲ, ಆದರೆ ಆ ಪರೀಕ್ಷೆಗೆ ಹೋಗದ ಡಬ್ಬಿಗಿಂತ ಎಷ್ಟೋ ಮೇಲು. ಹಣ ಸಾಲದಿದ್ದರೆ ಬಣ್ಣದ ಲೈಟು, ಗಾಜಿನ ಕ್ಯಾಬಿನೆಟ್ ಬಿಡಬಹುದು. ಇದನ್ನು ಬಿಡಬಾರದು.

ಸಿಡಿಲು, ಇನ್‌ವರ್ಟರ್, ಅರ್ಥಿಂಗ್

ಕರಾವಳಿಯಲ್ಲಿ ಕಂಪ್ಯೂಟರ್ ಸಾಯುವುದು ವಯಸ್ಸಾಗಿ ಅಲ್ಲ, ಹೆಚ್ಚಾಗಿ ಕರೆಂಟಿನಿಂದ. ಎಪ್ರಿಲ್-ಮೇ ತಿಂಗಳ ಗುಡುಗು ಮಳೆ, ಅಕ್ಟೋಬರ್-ನವೆಂಬರ್‌ನ ತುಲಾವರ್ಷ, ಈ ಎರಡು ಹೊತ್ತಲ್ಲಿ ಮಧ್ಯಾಹ್ನ ಕಳೆದು ಸಿಡಿಲು ಬರುತ್ತದೆ. ಕರೆಂಟ್ ಹೋಗಿ ಬರುವಾಗ ವೋಲ್ಟೇಜ್ ಒಮ್ಮೆಲೇ ಏರುತ್ತದೆ. ಎಂಸಿಬಿ ಇದನ್ನು ತಡೆಯುತ್ತದೆ ಎಂದು ತಿಳಿದವರು ಬಹಳ. ಎಂಸಿಬಿ ಇರುವುದು ಓವರ್‌ಲೋಡಿಗೆ, ಶಾರ್ಟ್ ಸರ್ಕ್ಯೂಟಿಗೆ, ಸಿಡಿಲಿನ ಹೊಡೆತ ಅದು ಕೆಳಗೆ ಬೀಳುವ ಮೊದಲೇ ದಾಟಿರುತ್ತದೆ. ಪ್ಲಗ್ ತೆಗೆಯುವುದೇ ಮದ್ದು. ಪ್ಲಗ್ ತೆಗೆದು ಇಂಟರ್ನೆಟ್ಟಿನ ಲ್ಯಾನ್ ಕೇಬಲ್ ಹಾಗೇ ಬಿಟ್ಟವರ ಬೋರ್ಡಿನಲ್ಲಿ ಲ್ಯಾನ್ ಪೋರ್ಟ್ ಮಾತ್ರ ಸುಟ್ಟು ಹೋಗುವುದುಂಟು. ಫೈಬರ್ ಆದರೂ ಮನೆಯೊಳಗಿನ ರೌಟರ್ ಕರೆಂಟಿನಲ್ಲಿಯೇ ಓಡುವುದು, ಅದರಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ತಂತಿ.

ಕ್ಯಾಬಿನೆಟ್ ಮುಟ್ಟಿದಾಗ ಕೈಗೆ ಜುಮ್ ಎನ್ನುತ್ತದೆ ಎಂಬ ದೂರು ಊರಲ್ಲಿ ಮಾಮೂಲಿ. "ಎಸ್‌ಎಂಪಿಎಸ್ ಹಾಳು" ಎಂದು ಅದನ್ನೇ ಬದಲಿಸುತ್ತಾರೆ, ಮತ್ತೆಯೂ ಜುಮ್. ಕಾರಣ ಹೆಚ್ಚಾಗಿ ಮನೆಯ ಅರ್ಥಿಂಗ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸಣ್ಣ ಕರೆಂಟನ್ನು ಅರ್ಥಿಗೆ ಬಿಡುವಂತೆಯೇ ಮಾಡಿದ್ದು, ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ತಗಡಿನಲ್ಲಿ ನಿಲ್ಲುತ್ತದೆ, ಬರಿಗಾಲಿನಲ್ಲಿ ನಿಂತು ಮುಟ್ಟಿದವರ ಮೂಲಕ ಇಳಿಯುತ್ತದೆ. ಮುರಕಲ್ಲಿನ ಜಾಗದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ಹೋದರೆ ಅದು ಇದ್ದೂ ಇಲ್ಲದ ಹಾಗೆ. ಇಲೆಕ್ಟ್ರಿಶಿಯನ್ ಕರೆದು ಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ನೋಡಿಸಿದರೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬರಬಾರದು. ಹೆಚ್ಚು ಬಂದರೆ ಮೊದಲ ಖರ್ಚು ಗುಂಡಿಗೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ ಮಾಡಿ ಸಿಕ್ಕಿಸುವ ಅಡಾಪ್ಟರ್ ಕಂಪ್ಯೂಟರಿಗೆ ಬೇಡವೇ ಬೇಡ.

ಯುಪಿಎಸ್‌ನಲ್ಲಿಯೂ ಸಂಖ್ಯೆಯ ಮೋಸ ಉಂಟು. ಡಬ್ಬಿಯ ಮೇಲೆ 600 ವಿಎ ಎಂದಿರುತ್ತದೆ, ಅದು ವ್ಯಾಟ್ ಅಲ್ಲ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. ಆಫೀಸ್ ಸೆಟ್ಟಿಗೆ ಧಾರಾಳ, ಗೇಮಿಂಗ್ ಕಾರ್ಡ್ ಇದ್ದವರಿಗೆ ಕಷ್ಟ, 1 ಕೆವಿಎ ನೋಡಬೇಕು. ಅದು ಇರುವುದು ಫೈಲ್ ಸೇವ್ ಮಾಡಿ ಸರಿಯಾಗಿ ಬಂದ್ ಮಾಡಲಿಕ್ಕೆ, ಗಂಟೆಗಟ್ಟಲೆ ಕೆಲಸ ಮಾಡಲಿಕ್ಕೆ ಅಲ್ಲ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬಾರದು, ಪ್ರಿಂಟ್ ತೆಗೆಯುವ ಹೊತ್ತಿಗೆ ಅದು ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ತಡೆಯುವುದಿಲ್ಲ. ಬ್ಯಾಟರಿ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ.

ಮನೆಯಲ್ಲಿ ಇನ್‌ವರ್ಟರ್ ಇದೆ, ಯುಪಿಎಸ್ ಯಾಕೆ ಎಂಬುದು ಸರಿಯಾದ ಪ್ರಶ್ನೆಯೇ. ಸೈನ್ ವೇವ್ ಇನ್‌ವರ್ಟರ್ ಆದರೆ ಅದರ ಮುಂದೆಯೋ ಹಿಂದೆಯೋ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಎಂದು. ಅದನ್ನು ಹಾಕಿದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವ ಸಮಯ ಕಡಿಮೆಯಾಗಿ ಕಂಪ್ಯೂಟರ್ ಆಫ್ ಆಗದೆ ಉಳಿಯಬಹುದು. ಸ್ಕ್ವೇರ್ ವೇವ್ ಇನ್‌ವರ್ಟರ್ ಆದರೆ ಒಳ್ಳೆಯ ಎಸ್‌ಎಂಪಿಎಸ್‌ಗಳೇ ಕೆಲವು ತಕರಾರು ಮಾಡುತ್ತವೆ. ಅಂಥ ಮನೆಯಲ್ಲಿ ಯುಪಿಎಸ್ ಬೇಕು.

ಇನ್ನೊಂದು, ಮಳೆಗಾಲದ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಪ್ಯೂಟರನ್ನು ಮುಚ್ಚಿಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸುವುದು ಒಳ್ಳೆಯದು, ಒಳಗಿನ ಬಿಸಿಗೆ ತೇವ ಆರುತ್ತದೆ. ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬಾರದು. ಇರುವೆ, ಹಲ್ಲಿ ಒಳಗೆ ಹೋಗುವುದು ತಮಾಷೆಯ ವಿಷಯ ಅಲ್ಲ. ಹಿಂದಿನ ಖಾಲಿ ಜಾಗಗಳನ್ನು ಪಟ್ಟಿ ಹಾಕಿ ಮುಚ್ಚಿಸಬೇಕು.

ಗಲ್ಫಿನಿಂದ ತರಿಸುವವರಿಗೆ

ಯುಎಇಯಲ್ಲಿ ವ್ಯಾಟ್ ಶೇ. 5, ಇಲ್ಲಿ ಕಂಪ್ಯೂಟರ್ ಭಾಗಗಳಿಗೆ ಜಿಎಸ್‌ಟಿ ಶೇ. 18. ಅಲ್ಲಿ ಕೆಲವು ವಸ್ತು ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಸೌದಿಯಲ್ಲಿ 2020ರಿಂದ ವ್ಯಾಟ್ ಶೇ. 15, ಅಲ್ಲಿಂದ ತರಿಸುವುದರಲ್ಲಿ ಅಷ್ಟು ಲಾಭ ಇರಲಿಕ್ಕಿಲ್ಲ. ಬರ್ ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಿಂದ ಮಾವನೋ ಕಾಕನೋ ಊರಿಗೆ ಬರುವಾಗ ತರುವುದು ಹೊಸದೇನಲ್ಲ.

ತರಿಸುವುದಾದರೆ ಯಾವುದನ್ನು ಎಂಬುದು ಮುಖ್ಯ. ಇಲ್ಲಿ ವಾರಂಟಿ ಕೊಡುವುದು ಹೆಚ್ಚಾಗಿ ಭಾರತದ ವಿತರಕರ ಮೂಲಕ, ಅಲ್ಲಿ ಕೊಂಡದ್ದನ್ನು ಅವರು ತೆಗೆದುಕೊಳ್ಳದೆ ಇರಬಹುದು. ಹಾಗಾಗಿ ಕೆಡುವ ಸಾಧ್ಯತೆ ಕಡಿಮೆ ಇರುವ, ಬ್ಯಾಗಿನಲ್ಲಿ ಜಾಗ ಹಿಡಿಯದ ಪ್ರೊಸೆಸರ್, ರ್‍ಯಾಮ್ ತರಿಸಬಹುದು. ಮದರ್‌ಬೋರ್ಡ್, ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್ ಇಲ್ಲಿಯೇ ತೆಗೆಯುವುದು ಕ್ಷೇಮ. ಬರುವವರ ಬ್ಯಾಗೇಜ್ ಮಿತಿ ಮೀರಿದರೆ ಕಸ್ಟಮ್ಸ್ ಸುಂಕ ಬೀಳುತ್ತದೆ, ಪೆಟ್ಟಿಗೆಯಲ್ಲಿ ಅಸಲಿ ಬಿಲ್ ಇರಲಿ. ಅಲ್ಲಿನ ಎಸ್‌ಎಂಪಿಎಸ್ ಈಗಾಗಲೇ ತಂದವರು ಹೆದರಬೇಕಿಲ್ಲ, ವೋಲ್ಟೇಜ್ ಅಲ್ಲಿಯೂ ಇಲ್ಲಿಯೂ ಹೆಚ್ಚು ಕಡಿಮೆ ಒಂದೇ. ಚಪ್ಪಟೆ ಪಿನ್ನಿನ ಕೇಬಲ್ ಬದಲಿಸಿ ಊರಿನ ಕೇಬಲ್ ಹಾಕಿದರಾಯಿತು.

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತೆಗೆಯುವಾಗ ಒಂದು ಎಚ್ಚರಿಕೆ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ಪದ್ಧತಿ ಬದಲಿಸಿದ ಮೇಲೆ, ಹಗಲು ರಾತ್ರಿ ಮೈನಿಂಗಿಗೆ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದಿವೆ. ಹೊರಗಿನಿಂದ ತೊಳೆದಿಟ್ಟ ಹಾಗೆ ಕಾಣುತ್ತವೆ. ಬಿಲ್, ಉಳಿದ ವಾರಂಟಿ ಇಲ್ಲದೆ ತೆಗೆಯದಿರುವುದು ಲೇಸು. ಅದರ ಬದಲು ಕಂಪೆನಿ ಆಫೀಸುಗಳಿಂದ ಬಂದ 8ನೇ ತಲೆಮಾರು ಅಥವಾ ನಂತರದ ರಿಫರ್ಬಿಶ್ಡ್ ಡೆಲ್, ಎಚ್‌ಪಿ ಡೆಸ್ಕ್‌ಟಾಪ್ ಬಿಲ್ಲಿಂಗಿಗೆ, ಮಕ್ಕಳಿಗೆ ಒಳ್ಳೆಯ ಆಯ್ಕೆ. ಇದನ್ನು ಹೇಳಲೇಬೇಕು, ಯಾಕೆಂದರೆ ಹೊಸದಾಗಿ ಅಸೆಂಬಲ್ ಮಾಡಿಸುವುದು ಎಲ್ಲರಿಗೂ ಬೇಕಾಗಿಲ್ಲ. ಆದರೆ ಅವುಗಳ ಬೋರ್ಡ್, ಎಸ್‌ಎಂಪಿಎಸ್ ಅನೇಕ ಸಲ ಆ ಕಂಪೆನಿಯದ್ದೇ ಅಳತೆ, ಮುಂದೆ ಬೇರೆಯದ್ದು ಕೂರುವುದಿಲ್ಲ.

ವಿಂಡೋಸ್ ಬೇಕೇ ಬೇಕಾ?

ಕೇರಳದ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿ, ಐಟಿ ಪಾಠ ಕಲಿಯುವುದು ಕೈಟ್ ಸಂಸ್ಥೆಯ ಲಿನಕ್ಸಿನಲ್ಲಿ. ಅದು ಉಚಿತ. ಮಗುವಿನ ಓದಿಗೆಂದೇ ಕಂಪ್ಯೂಟರ್ ತೆಗೆಯುವ ಮನೆಗೆ ವಿಂಡೋಸ್ ಲೈಸೆನ್ಸಿನ ಖರ್ಚು ಬೇಕಾಗಿಯೇ ಇಲ್ಲ, ಶಾಲೆಯಲ್ಲಿ ಇರುವುದನ್ನೇ ಮನೆಯಲ್ಲೂ ಹಾಕಬಹುದು. ಇಂಟೆಲ್, ಎಎಂಡಿಯ ಒಳಗಿನ ಗ್ರಾಫಿಕ್ಸ್ ಲಿನಕ್ಸಿನಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲದೆ ಓಡುತ್ತದೆ. ಟ್ಯಾಲಿ, ಅಟೋಕ್ಯಾಡ್, ಫೋಟೋಶಾಪ್ ಬಳಸುವವರಿಗೆ ವಿಂಡೋಸ್ ತಪ್ಪಿದ್ದಲ್ಲ. ಅದರ ಬೆಲೆಯನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಬೇಕು. ಅಂಗಡಿಯವರು "ಫ್ರೀ" ಹಾಕಿ ಕೊಡುವ ಕ್ರ್ಯಾಕ್ ವಿಂಡೋಸಿನ ಜೊತೆ ಎಂತೆಲ್ಲ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಅದೇ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವುದು. ಅದರಲ್ಲಿ ಸಂಪಾದನೆ ಮಾಡುವುದು ಸರಿಯಾ ಎಂದು ಉಸ್ತಾದರನ್ನು ಕೇಳಿದರೆ ಅವರೂ ಸರಿ ಎನ್ನಲಿಕ್ಕಿಲ್ಲ.

ಬಿಲ್ ಮಾಡಿಸುವಾಗ

"ಕಂಪ್ಯೂಟರ್ ಸೆಟ್, 1" ಎಂದು ಒಂದೇ ಸಾಲಿನ ಬಿಲ್ ಒಪ್ಪಬಾರದು. ಪ್ರತಿ ಭಾಗದ ಹೆಸರು, ಪೂರ್ತಿ ಮಾಡೆಲ್, ಸೀರಿಯಲ್ ನಂಬರ್ ಬರೆಸಬೇಕು. ಪ್ರೊಸೆಸರಿಗೆ, ಬೋರ್ಡಿಗೆ ಸಾಮಾನ್ಯವಾಗಿ ಮೂರು ವರ್ಷ, ಎಸ್‌ಎಸ್‌ಡಿಗೆ ಮೂರರಿಂದ ಐದು ವರ್ಷ ವಾರಂಟಿ ಇರುತ್ತದೆ. ನಂಬರ್ ಇಲ್ಲದಿದ್ದರೆ ಎರಡನೇ ವರ್ಷದಲ್ಲಿ ಅದನ್ನು ಸಾಧಿಸುವುದು ಕಷ್ಟ. ಬಾಕ್ಸ್ ಇಲ್ಲದೆ ಬರುವ ಟ್ರೇ ಪ್ರೊಸೆಸರಿಗೆ ಕಂಪೆನಿಯ ನೇರ ವಾರಂಟಿ ಇಲ್ಲ, ಅಂಗಡಿಯವರ ಮಾತೇ ವಾರಂಟಿ.

ಗಡಿಯ ವ್ಯಾಪಾರಿಗಳಿಗೆ ಇನ್ನೊಂದು ವಿಷಯ. ಮಂಜೇಶ್ವರದಲ್ಲಿ ಜಿಎಸ್‌ಟಿ ನೋಂದಣಿ ಇರುವವರು ಮಂಗಳೂರಿನಲ್ಲಿ ತಮ್ಮ ಅಂಗಡಿಗೆ ಕಂಪ್ಯೂಟರ್ ತೆಗೆದರೆ, ಬಿಲ್ಲಿನಲ್ಲಿ ಕರ್ನಾಟಕದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬಿದ್ದಿದ್ದರೆ ಆ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಕೇರಳದ ನೋಂದಣಿಯಲ್ಲಿ ಸಿಗುವುದಿಲ್ಲ. ಬಿಲ್ ಮಾಡುವ ಮೊದಲೇ ಕೇರಳದ ಜಿಎಸ್‌ಟಿ ನಂಬರ್, ತಲುಪಿಸುವ ವಿಳಾಸ ಕೊಟ್ಟು ಐಜಿಎಸ್‌ಟಿ ಹಾಕಿಸಬೇಕು. ತಲಪಾಡಿ ದಾಟಿದ ಮೇಲೆ ನೆನಪಾದರೆ ಬಿಲ್ ಬದಲಿಸಲು ಮತ್ತೆ ಓಡಾಟ. ಕಾಂಪೊಸಿಷನ್ ಯೋಜನೆಯವರಿಗೆ ಹೇಗೂ ಕ್ರೆಡಿಟ್ ಇಲ್ಲ. ಪುಸ್ತಕ ಇಟ್ಟು ಲೆಕ್ಕ ತೋರಿಸುವವರಿಗೆ ಆದಾಯ ತೆರಿಗೆಯಲ್ಲಿ ಕಂಪ್ಯೂಟರಿನ ಸವಕಳಿ ದರ ಶೇ. 40, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರ ಅರ್ಧ. ಕ್ರೆಡಿಟ್ ತೆಗೆದುಕೊಂಡ ಜಿಎಸ್‌ಟಿ ಮೊತ್ತದ ಮೇಲೆ ಸವಕಳಿ ಸಿಗದು. ಅಂದಾಜು ಲಾಭದ ಯೋಜನೆಯಲ್ಲಿ ರಿಟರ್ನ್ ಹಾಕುವ ಸಣ್ಣ ವ್ಯಾಪಾರಿಗಳಿಗೆ ಸವಕಳಿ ಪ್ರತ್ಯೇಕವಾಗಿ ಬರುವುದಿಲ್ಲ.

ಜೋಡಿಸುವ ಕೆಲಸ ಅಂಗಡಿಯವರೇ ಮಾಡಿ ಕೊಡುತ್ತಾರೆ. ಆಸಕ್ತಿ ಇದ್ದವರು ಎದುರು ಕೂತು ನೋಡಿದರೆ ಮುಂದೆ ರ್‍ಯಾಮ್ ಬದಲಿಸಲು ಪೇಟೆಗೆ ಹೋಗಬೇಕಾಗಿಲ್ಲ. ಆದ ಮೇಲೆ ಅಲ್ಲಿಯೇ ಅರ್ಧ ಗಂಟೆ ಓಡಿಸಿ ನೋಡಬೇಕು. ಬಯೋಸಿನಲ್ಲಿ ರ್‍ಯಾಮ್ ಪೂರ್ತಿ ತೋರಿಸುತ್ತದಾ, ಎಕ್ಸ್‌ಎಂಪಿ ಆನ್ ಮಾಡಿ ಹೇಳಿದ ವೇಗಕ್ಕೆ ಬಂದಿದೆಯಾ, ಎಲ್ಲ ಯುಎಸ್‌ಬಿ ಪೋರ್ಟ್ ಕೆಲಸ ಮಾಡುತ್ತದಾ, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರಿನ ಕೇಬಲ್ ಕಾರ್ಡಿಗೇ ಸಿಕ್ಕಿಸಿದ್ದಾರಾ, ಬೋರ್ಡಿಗಾ? ಖಾಲಿ ಡಬ್ಬಿಗಳನ್ನೂ ತುಂಬಿಸಿಕೊಂಡು ಬರಬೇಕು, ವಾರಂಟಿಗೆ ಕಳಿಸುವಾಗ ಡಬ್ಬಿ ಕೇಳುವವರು ಇದ್ದಾರೆ. ಬಸ್ಸಿನಲ್ಲಿ ತರುವವರು ಕ್ಯಾಬಿನೆಟನ್ನು ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ ಮಡಿಲಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಭಾರದ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದನ್ನು ಬಿಚ್ಚಿ ಅದರದ್ದೇ ಡಬ್ಬಿಯಲ್ಲಿ ಬೇರೆ ತರಬೇಕು.